ಉಪ್ಪು ಹಾಕಿಸಿಕೊಂಡ ಛೇರ್ಮನ್ನರು

ಕಲ್ಲುಹಟ್ಟಿ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಮೂಡಲಗಿರಿಯಪ್ಪನವರಿಗೆ ಇದ್ದ ಮೊದಲ ತೊಂದರೆ ಅವರ ಹೆಸರು. ಅಂಗೈಯಗಲದ ಹೊಲದ ಚಿತ್ರ ಬರೆದು ಮೂಲೆಯಲ್ಲಿ ಪೂರ್ತಿ ಹೆಸರು ಹಾಕಿದರೆ ಅರ್ಧ ಹೊಲ ಹೆಸರಿಗೇ ಹೋಗುತ್ತಿತ್ತು. ಆದ್ದರಿಂದ ‘ಮೂ. ಗಿರಿ’ ಎಂದು ಸಹಿ ಮಾಡತೊಡಗಿದರು. ದೊಡ್ಡ ಕಲಾವಿದರೆಲ್ಲ ಚಿಕ್ಕ ಸಹಿ ಹಾಕುತ್ತಾರೆ ಎಂದು ಅವರ ತಿಳಿವಳಿಕೆ. ಹತ್ತನೇ ಕ್ಲಾಸಿನವರು ನಡುವಿನ ಚುಕ್ಕೆಯನ್ನು ನುಂಗಿಕೊಂಡು ಅವರನ್ನು ಮೂಗಿರಿ ಮೇಷ್ಟ್ರು ಎಂದು ಕರೆದರು. ಮೇಷ್ಟ್ರು ಬೇಜಾರು ಮಾಡಿಕೊಳ್ಳಲಿಲ್ಲ. ಕಲಾವಿದನಿಗೆ ಬದುಕಿದ್ದಾಗ ಮರ್ಯಾದೆ ಸಿಗುವುದಿಲ್ಲವೆಂದು ಅವರು ಎಲ್ಲೋ ಓದಿದ್ದರು. ಆ ಲೆಕ್ಕದಲ್ಲಿ ತಾವು ಬಹಳ ದೊಡ್ಡ ಕಲಾವಿದರೇ ಇರಬೇಕು ಎಂದು ಸಮಾಧಾನ ತಂದುಕೊಂಡಿದ್ದರು.

ಹುಟ್ಟಿದ್ದು ಶಿರಾ ಸೀಮೆಯ ಕುರಿ ಕಾಯುವ ಮನೆಯಲ್ಲಿ. ಅಪ್ಪ ಒಂದೇ ಒಂದು ಸಲ ಮಗನ ಚಿತ್ರ ನೋಡಿದ್ದ. ಅದು ಕುರಿಯದು. ಕಂಬಳಿ ಸರಿಮಾಡಿಕೊಂಡು ಬಗ್ಗಿ ನೋಡಿ, “ಇದ್ಕೆ ಕಾಲುಬಾಯಿ ಜ್ವರ ಬಂದೈತೆ ಕಣ್ಲಾ, ಮಂದೇಲಿ ಬುಡಬ್ಯಾಡ” ಎಂದಿದ್ದ. ಮೂಡಲಗಿರಿಯಪ್ಪ ಅದನ್ನು ವಿಮರ್ಶೆ ಎಂದು ಭಾವಿಸದೆ ಹೊಗಳಿಕೆ ಎಂದು ಇಟ್ಟುಕೊಂಡರು. ಅಪ್ಪನಿಗೆ ಕನಿಷ್ಠ ಅದು ಕುರಿ ಎಂದು ಗೊತ್ತಾಗಿತ್ತಲ್ಲ.

ಎರಡನೆಯ ತೊಂದರೆ ಕೋಣೆಯದು. ಹನ್ನೊಂದು ವರ್ಷ ಪಾಠ ಮಾಡಿದರೂ ಡ್ರಾಯಿಂಗಿಗೆ ಅಂತ ಒಂದು ಕೋಣೆ ಇರಲಿಲ್ಲ. ಹುಣಸೆ ಮರದ ಕೆಳಗೆ ಕ್ಲಾಸು. ಗಾಳಿ ಬಂದರೆ ಹಾಳೆ ಹಾರಿ ಪಕ್ಕದ ಕಡಲೇಕಾಯಿ ಹೊಲಕ್ಕೆ ಹೋಗುವುದು, ಹಾಳೆಯ ಹಿಂದೆ ಕ್ಲಾಸು ಹೋಗುವುದು, ಕ್ಲಾಸು ವಾಪಸು ಬರುವಾಗ ಜೇಬಿನ ತುಂಬ ಕಡಲೇಕಾಯಿ ಬರುವುದು. ಮಳೆ ಬಂದರೆ ಸೈನ್ಸ್ ಲ್ಯಾಬಿನ ಜಗಲಿ. ಮೇಷ್ಟ್ರಿಗೆ ಲೋಕದಲ್ಲಿ ಬೇಕಾಗಿದ್ದು ಒಂದೇ: ಬಾಗಿಲಿರುವ, ಉತ್ತರಕ್ಕೆ ಕಿಟಕಿ ಇರುವ, ಒಂದು ಚಿತ್ರಕಲಾ ಕೋಣೆ. ಉತ್ತರದ ಬೆಳಕು ಇಡೀ ದಿನ ಒಂದೇ ಸಮ ಇರುತ್ತದೆಂಬ ವಿಷಯವನ್ನು ಅವರು ಹೆಡ್‌ಮಾಸ್ತರ್ ಕದಿರಯ್ಯನವರಿಗೆ ವರ್ಷಕ್ಕೆರಡು ಸಲ ಅರ್ಜಿಯಲ್ಲಿ ಬರೆದು ತಿಳಿಸುತ್ತಿದ್ದರು. ಕದಿರಯ್ಯನವರು ಅರ್ಜಿಯನ್ನು ಮಡಿಸಿ ಕುಂಟುವ ಮೇಜಿನ ಕಾಲಿಗೆ ಕೊಡುತ್ತಿದ್ದರು. ಹನ್ನೊಂದು ವರ್ಷದಲ್ಲಿ ಆ ಮೇಜು ನೆಟ್ಟಗೆ ನಿಂತಿದ್ದು ಮೂಡಲಗಿರಿಯಪ್ಪನವರಿಂದ.

ಉಪ್ಪಿನ ವಿಷಯ ಶುರುವಾಗಿದ್ದು ೧೯೭೬ರ ಬೇಸಿಗೆಯಲ್ಲಿ. ಮನೆಯ ಅಂಗಳದಲ್ಲಿ ಹೆಂಡತಿ ಪುಟ್ಟಕ್ಕ ಉಪ್ಪಿನಕಾಯಿಗೆ ಮಾವು ಹೆಚ್ಚಿ ಹರಳುಪ್ಪು ಬೆರೆಸುತ್ತಿದ್ದಳು. ಪಕ್ಕದಲ್ಲಿ ಮೇಷ್ಟ್ರು ಹಲಗೆಗೆ ಹಾಳೆ ಅಂಟಿಸಿ, ನೀರುಬಣ್ಣದಲ್ಲಿ ಆಕಾಶ ತುಂಬುತ್ತಿದ್ದರು. ಕಾಗೆಯೊಂದು ಮಾವಿನ ಹೋಳಿಗೆ ಬಾಯಿ ಹಾಕಲು ಬಂತು. ಪುಟ್ಟಕ್ಕ “ಹುಶ್!” ಎಂದು ಕೈ ಬೀಸಿದಳು. ಕೈಯಲ್ಲಿ ಒಂದು ಹಿಡಿ ಉಪ್ಪಿತ್ತು. ಕಾಗೆ ತಪ್ಪಿಸಿಕೊಂಡಿತು, ಆಕಾಶ ತಪ್ಪಿಸಿಕೊಳ್ಳಲಿಲ್ಲ.

“ಹಾಳಾಯ್ತು! ಹದಿನೈದು ದಿನದ ಧ್ಯಾನ!” ಎಂದು ಮೇಷ್ಟ್ರು ಕೂಗಿದರು.

“ನಾಕು ಗೀಟು ನೀಲಿ ಬಳ್ದಿದ್ರಿ. ಧ್ಯಾನ ಯಾವಾಗ ಮಾಡಿದ್ರಿ?” ಎಂದಳು ಪುಟ್ಟಕ್ಕ.

ಮೇಷ್ಟ್ರು ಸಿಟ್ಟಿನಿಂದ ಊಟ ಬಿಟ್ಟರು, ಅಂದರೆ ಮೂರನೇ ಮುದ್ದೆಗೆ ಎದ್ದುಬಿಟ್ಟರು. ಸಾಯಂಕಾಲ ಹಾಳೆಯನ್ನು ಹರಿದು ಹಾಕೋಣವೆಂದು ಹೋಗಿ ಉಪ್ಪನ್ನು ಕೈಯಲ್ಲಿ ಸವರಿದರೆ, ಒಂದೊಂದು ಹರಳು ಕೂತಿದ್ದ ಕಡೆಯೂ ಒಂದೊಂದು ಬಿಳಿ ಹೂವು ಎದ್ದಿತ್ತು. ಹರಳು ತನ್ನ ಸುತ್ತಲಿನ ನೀರನ್ನು ಹೀರಿಕೊಂಡು ಬಣ್ಣವನ್ನು ಆಚೆಗೆ ತಳ್ಳಿತ್ತು. ಬಂಡೆಯ ಮೇಲೆ ಬೆಳೆಯುವ ಕಲ್ಲುಹೂವಿನ ಹಾಗೆ, ಅಂಚು ಹರಿದು ಹರಿದು, ಯಾವ ಕುಂಚಕ್ಕೂ ಆಗದ ಹಾಗೆ. ಮೇಷ್ಟ್ರು ಹಾಳೆಯನ್ನು ಹಿಡಿದು ನಿಂತೇ ಇದ್ದರು. ಕೊನೆಗೆ, “ಪುಟ್ಟಾ, ನಾನೊಂದು ಕಂಡುಹಿಡಿದೆ” ಎಂದರು.

“ಯಾರು? ನೀವಾ, ಕಾಗೇನಾ?”

ಸಮುದ್ರದಾಚೆಯ ಚಿತ್ರಕಾರರು ನೀರುಬಣ್ಣದ ಮೇಲೆ ಉಪ್ಪು ಉದುರಿಸುವುದನ್ನು ಅಷ್ಟರಲ್ಲಿ ಎಂದೋ ಕಲಿತುಬಿಟ್ಟಿದ್ದರು. ಆದರೆ ಶಿರಾದಿಂದ ಕಲ್ಲುಹಟ್ಟಿಗೆ ದಿನಕ್ಕೆ ಎರಡೇ ಬಸ್ಸು, ಎರಡರಲ್ಲೂ ಆ ಸುದ್ದಿ ಬಂದಿರಲಿಲ್ಲ. ಆದ್ದರಿಂದ ಮೂಡಲಗಿರಿಯಪ್ಪನವರು ಅದನ್ನು ಹೊಸದಾಗಿ ಕಂಡುಹಿಡಿಯಬೇಕಾಯಿತು, ಮತ್ತು ಶ್ರದ್ಧೆಯಿಂದ ಕಂಡುಹಿಡಿದರು. ಒಂಬತ್ತನೇ ತರಗತಿಯ ಹಳೆಯ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಪ್ರಯೋಗಗಳನ್ನು ಬರೆದಿಟ್ಟರು. ಹರಳುಪ್ಪು ಹಾಗೇ ಹಾಕಿದರೆ ನಾಲ್ಕಾಣೆಯಷ್ಟು ಅಗಲದ ಹೂವು. ಒರಳಲ್ಲಿ ಅರೆಬರೆ ಕುಟ್ಟಿ ಹಾಕಿದರೆ ಎಳ್ಳಿನಷ್ಟು. ನುಣ್ಣಗೆ ಕುಟ್ಟಿದರೆ ಮಂಜು ಬಿದ್ದಂತೆ. ಸಂತೆಯಲ್ಲಿ ತಂದ, ಮೂಟೆಯ ತಳದ ಒದ್ದೆ ಉಪ್ಪಾದರೆ ಏನೂ ಇಲ್ಲ, ಬರಿಯ ಗಲೀಜು. ಈ ಸಂಶೋಧನೆಯ ಮೂರು ತಿಂಗಳು ಮನೆಯ ಸಾರಿಗೆ ಉಪ್ಪು ಸಾಲದೆ ಬಂತು.

ಎಲ್ಲಕ್ಕಿಂತ ಕಷ್ಟವಾದದ್ದು ಹೊತ್ತು. ಬಣ್ಣ ಹಸಿಯಿದ್ದಾಗ ಹಾಕಿದರೆ ಉಪ್ಪು ಕರಗಿ ಪಾಯಸ. ಒಣಗಿದ ಮೇಲೆ ಹಾಕಿದರೆ ಉಪ್ಪು ಉಪ್ಪಾಗಿಯೇ ಕೂತಿರುತ್ತದೆ. ಮೇಷ್ಟ್ರು ಗಡಿಯಾರ ಇಟ್ಟುಕೊಂಡು ಮೂರು ನಿಮಿಷ ಎಂದು ಸಿದ್ಧಾಂತ ಮಾಡಿದರು. ದಸರಾ ರಜೆಗೆ ಪುಟ್ಟಕ್ಕನ ತವರು ಪಾವಗಡಕ್ಕೆ ಹೋದಾಗ ಆ ಸಿದ್ಧಾಂತ ಬಿದ್ದುಹೋಯಿತು. ಅಲ್ಲಿನ ಕೋಟೆ ಬೆಟ್ಟದಿಂದ ಇಳಿಯುವ ಒಣಗಾಳಿಗೆ, ಅವರು ಉಪ್ಪಿನ ಪೊಟ್ಟಣ ಬಿಚ್ಚುವಷ್ಟರಲ್ಲಿ ಹಾಳೆ ಒಣಗಿ ಸುರುಟಿಕೊಳ್ಳುತ್ತಿತ್ತು. ಭಾವಮೈದ ಗಂಗಣ್ಣ ತಿಣ್ಣೆಯ ಮೇಲೆ ಕೂತು ಇದನ್ನೆಲ್ಲ ನೋಡಿ, ಆ ಸೀಮೆಯ ತೆಲುಗು ಬೆರೆಸಿ, “ಏಮಿ ಬಾವಾ, ಹಪ್ಪಳ ಒಣಗಾಕ್ತಾ ಇದೀರಾ? ಅಕ್ಕಂಗೆ ಹೇಳಿದ್ರೆ ಆಕೇನೇ ಚೇಸ್ತಾ ಇದ್ಲಲ್ಲ” ಎಂದು ಕೇಳಿದ.

ಪುಟ್ಟಕ್ಕ ಮಾತ್ರ ಹಾಳೆಯನ್ನು ಒಂದು ಗಳಿಗೆ ನೋಡಿ, “ಗಡಿಯಾರ ಯಾಕ್ ನೋಡ್ತೀರಿ? ನೆಲ ಸಾರ್ಸಿದ್ಮೇಲೆ ರಂಗೋಲಿ ಯಾವಾಗ ಬುಡ್ತೀವಿ? ಮಿಂಚು ಹೋಗಿರ್ಬೇಕು, ತ್ಯಾವ ಇರ್ಬೇಕು. ಈಗ ಹಾಕಿ. ಈಗ!” ಎಂದಳು.

ಮೇಷ್ಟ್ರು ಹಾಕಿದರು. ಹೂವು ಎದ್ದವು. ಆ ರಾತ್ರಿ ಹಾಜರಿ ಪುಸ್ತಕದಲ್ಲಿ, “ಹೊಳಪು ಹೋಗಿ ತೇವ ಉಳಿದ ಕ್ಷಣವೇ ಸರಿಯಾದ ಕ್ಷಣವೆಂದು ದೀರ್ಘ ಪರಿಶೀಲನೆಯಿಂದ ನನಗೆ ತಿಳಿದುಬಂತು” ಎಂದು ಬರೆದರು.

ಮುಂದಿನ ತಿಂಗಳು ಮಧುಗಿರಿಗೆ ಹೋಗಿ ಬೆಟ್ಟದ ಕೆಳಗೆ ಕೂತರು. ಆ ಬೆಟ್ಟ ಒಂದೇ ಕಲ್ಲು. ಹತ್ತಿರದಿಂದ ನೋಡಿದರೆ ಅದರ ಮೈಯೆಲ್ಲ ಮಳೆ ತಿಂದ ಗುಳಿ, ಬಿಸಿಲು ಸುಲಿದ ಪದರ, ಬೂದು, ಕಪ್ಪು, ನಡುನಡುವೆ ಕಲ್ಲುಹೂವಿನ ತೇಪೆ. ಹತ್ತು ವರ್ಷದಿಂದ ಅವರು ಬರೆದಾಗಲೆಲ್ಲ ಅದು ಮಗುಚಿಟ್ಟ ಪಾತ್ರೆಯ ಹಾಗೆ ಬರುತ್ತಿತ್ತು. ಅವತ್ತು ಉಪ್ಪು ಹಾಕಿ, ಒಣಗಿಸಿ, ಉದುರಿಸಿ ನೋಡಿದರೆ ಕಲ್ಲು ಕಲ್ಲಾಗಿತ್ತು. ಕೈಯಿಟ್ಟರೆ ಚುಚ್ಚುವಂತಿತ್ತು. ಮೇಷ್ಟ್ರು ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿಕೊಂಡು ಒಂದು ಸಲ ಜೋರಾಗಿ ನಕ್ಕರು.

ಕದಿರಯ್ಯನವರು ಆ ಚಿತ್ರವನ್ನು ಕನ್ನಡಕ ತೆಗೆದು ನೋಡಿ, ಹಾಕಿಕೊಂಡು ನೋಡಿ, “ಬೂಷ್ಟು ಹಿಡಿದಿದೆಯಲ್ಲ ಮೂಡಲಗಿರಿಯಪ್ಪ. ಬಿಸಿಲಿಗಿಡಬಾರದಾ?” ಎಂದರು.

ಇಲ್ಲಿಗೆ ಛೇರ್ಮನ್ ರುದ್ರಯ್ಯನವರು ಬರಬೇಕು. ರುದ್ರಯ್ಯನವರು ತಾಲ್ಲೂಕು ಬೋರ್ಡಿನ ಛೇರ್ಮನ್ನರಾಗಿದ್ದದ್ದು ಒಟ್ಟು ಹತ್ತು ತಿಂಗಳು. ಕುರ್ಚಿ ಹೋಗಿ ಎಷ್ಟೋ ವರ್ಷವಾದರೂ ಹೆಸರು ಹೋಗಿರಲಿಲ್ಲ. ಮನೆಯಲ್ಲಿ ತಾಯಿ ಕ್ಯಾತಮ್ಮನ ಹೊರತು ಹೆಂಡತಿ ಕಮಲಾಕ್ಷಮ್ಮನೂ ಅವರನ್ನು ಛೇರ್ಮನ್ನರು ಎಂದೇ ಕರೆಯುತ್ತಿದ್ದರು. ಶಿರಾದಲ್ಲಿ ಕಡಲೇಕಾಯಿ ಮಂಡಿ, ಊರಲ್ಲಿ ಎರಡಂಕಣದ ಉಪ್ಪರಿಗೆ, ಗಟ್ಟಿ ಧ್ವನಿ. ಹೈಸ್ಕೂಲಿನ ಹೊಸ ಕಟ್ಟಡಕ್ಕೆ ಜಾಗ, ಕಲ್ಲು, ಮರ ಎಲ್ಲ ಅವರದೇ. ಆರು ಕೋಣೆ, ಒಂದು ಸಭಾಂಗಣ. ಉತ್ತರದ ತುದಿಯಲ್ಲಿ ದೊಡ್ಡ ಕಿಟಕಿಯ ಒಂದು ಕೋಣೆ. ಅದರ ಗೋಡೆ ಏಳುತ್ತಿದ್ದಾಗಲೇ ಮೂಡಲಗಿರಿಯಪ್ಪನವರು ದಿನಕ್ಕೊಂದು ಸಲ ಹೋಗಿ ನಿಂತು ಬರುತ್ತಿದ್ದರು. ಕದಿರಯ್ಯನವರೂ ಹೋಗಿ ನಿಲ್ಲುತ್ತಿದ್ದರು. ಅವರಿಗೆ ಅದು ತಮ್ಮ ಆಫೀಸಿಗೆ ಬೇಕಾಗಿತ್ತು.

೧೯೭೯ರ ಜನವರಿಯಲ್ಲಿ ಛೇರ್ಮನ್ನರು ಮೇಷ್ಟ್ರನ್ನು ಕರೆಸಿದರು.

“ಮುಂದಿನ ತಿಂಗ್ಳು ಕಟ್ಟಡದ ಓಪನಿಂಗು. ಸಭಾಂಗಣದಾಗೆ ನನ್ನದೊಂದು ಚಿತ್ರ ಇರ್ಬೇಕು ಅಂತ ಜನ ಒತ್ತಾಯ ಮಾಡ್ತಾವ್ರೆ.”

ಜನ ಎಂದರೆ ಯಾರು ಎಂದು ಮೇಷ್ಟ್ರು ಕೇಳಲಿಲ್ಲ. ಕೋಣೆಯಲ್ಲಿ ಇದ್ದದ್ದು ಅವರಿಬ್ಬರೇ.

“ಚೆನ್ನಾಗ್ ಬಂದ್ರೆ ಆ ಉತ್ತರದ ಕ್ವಾಣೆ ನಿಮಗೇ ಮೇಷ್ಟ್ರೇ. ಬಾಗ್ಲ ಮ್ಯಾಲೆ ಹೆಸರೂ ಬರಸ್ಕಳಿ. ಚೆನ್ನಾಗ್ ಬರ್ಲಿಲ್ಲ ಅಂದ್ರೆ ಕದಿರಯ್ಯ ಕಾಯ್ತಾ ಅವ್ರೆ.”

ಮೇಷ್ಟ್ರು ನೆಲದ ಮೇಲೆ ನಡೆಯದೆ ಮನೆಗೆ ಬಂದರು.

ಮೂರು ಸಲ ಬರೆದರು. ಮೂರು ಸಲವೂ ಛೇರ್ಮನ್ನರು ಬರಲಿಲ್ಲ. ಕೋಟು ಬಂತು, ರುಮಾಲು ಬಂತು, ಮೀಸೆಯೂ ಬಂತು. ನಡುವೆ ಮಾತ್ರ ಸಿಪ್ಪೆ ಸುಲಿದ ಮೊಟ್ಟೆಯಂಥ ಯಾರದೋ ಮುಖ. ತಪ್ಪು ಛೇರ್ಮನ್ನರು ಕೊಟ್ಟ ಫೋಟೋದ್ದು. ಶಿರಾದ ಸ್ಟುಡಿಯೋದವನು ಅದನ್ನು ಎಷ್ಟು ತಿದ್ದಿದ್ದನೆಂದರೆ, ಹುಟ್ಟಿದ ಮೇಲೆ ಆ ಮುಖದ ಮೇಲೆ ಏನೂ ನಡೆದೇ ಇಲ್ಲವೆನ್ನಬೇಕು. ನಿಜವಾದ ರುದ್ರಯ್ಯನವರಿಗೆ ಐದು ವರ್ಷದವರಿದ್ದಾಗ ಸಿಡುಬು ಎದ್ದು, ಹಣೆಯಿಂದ ಗದ್ದದವರೆಗೆ ಕಲೆ ಉಳಿದಿತ್ತು. ಊರಿನಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದವರು ರುದ್ರಯ್ಯನವರೊಬ್ಬರೇ.

ಕೊನೆಗೆ ಮೇಷ್ಟ್ರು ಅವರನ್ನೇ ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿ ಕೂರಿಸಿದರು. ಸಂಜೆಯ ಬೆಳಕು ಅಡ್ಡಡ್ಡ ಬಿತ್ತು. ಹಣೆ, ಕೆನ್ನೆ, ಗದ್ದ. ಮಳೆ ತಿಂದ ಗುಳಿ, ಬಿಸಿಲು ಸುಲಿದ ಪದರ. ಮೇಷ್ಟ್ರ ಕುಂಚ ನಿಂತುಹೋಯಿತು. ಅವರ ಎದುರಿಗೆ ಮಧುಗಿರಿ ಬೆಟ್ಟ ರುಮಾಲು ಸುತ್ತಿಕೊಂಡು ಕೂತಿತ್ತು.

ಮನೆಗೆ ಬಂದು, “ಮುಖಕ್ಕೆ ಉಪ್ಪು ಹಾಕ್ತೀನಿ” ಎಂದರು.

ಪುಟ್ಟಕ್ಕ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. “ಬುದ್ಧಿ ನೆಟ್ಟಗೈತಾ ಮೇಷ್ಟ್ರೇ? ಗುಂಡಿಗೆ ಇಳಿಸ್ದಾಗ ಹೆಣದ ಮ್ಯಾಲೆ ಸುರಿಯಾದು ಉಪ್ಪ. ಬದುಕಿರೋರ ಮಕಕ್ಕೆ ಹಾಕ್ತಾರಾ? ಅವ್ರ ಮನೇರೂ ಹೂಳೋರೇ.”

“ಇದು ಕಲೆ.”

“ಛೇರ್ಮನ್ನರ ಮುಂದೆ ಹಂಗೇ ಹೇಳಿ.”

ಮೇಷ್ಟ್ರು ಛೇರ್ಮನ್ನರಿಗೆ ಹೇಳುವ ಉದ್ದೇಶವನ್ನೇ ಇಟ್ಟುಕೊಂಡಿರಲಿಲ್ಲ. ಮುಗಿದ ಮೇಲೆ ಉಪ್ಪು ಉದುರಿಹೋಗಿರುತ್ತದೆ, ಯಾರಿಗೆ ಗೊತ್ತಾಗಬೇಕು? ಓಪನಿಂಗಿಗೆ ನಾಲ್ಕು ದಿನ ಇರುವಾಗ, ಒಂದು ಭಾನುವಾರ, ಸೈನ್ಸ್ ಲ್ಯಾಬಿನ ಉದ್ದ ಮೇಜಿನ ಮೇಲೆ ಹಾಳೆಯನ್ನು ಅಂಗಾತ ಮಲಗಿಸಿದರು. ನಿಲ್ಲಿಸಿದರೆ ಉಪ್ಪು ಜಾರುತ್ತದೆ. ಕೋಟಿನ ಮೇಲೆ ಉಪ್ಪು ಬೀಳದಿರಲೆಂದು ತಮ್ಮದೇ ಬಿಳಿ ಪಂಚೆಯನ್ನು ಚಿತ್ರದ ಕತ್ತಿನವರೆಗೆ ಹೊದಿಸಿದರು. ಮುಖಕ್ಕೆ ಬಣ್ಣ ಹಾಕಿ, ಮಿಂಚು ಹೋಗುವುದನ್ನೇ ಕಾದು, ಕುಟ್ಟಿದ ಉಪ್ಪನ್ನು ಹಣೆಯಿಂದ ಗದ್ದದವರೆಗೆ ಉದುರಿಸಿದರು. ಬಣ್ಣದ ಅಂಟಿಗೆ ನೊಣ ಮುತ್ತತೊಡಗಿದವು. ನೊಣ ಓಡಿಸಲು ಒಂದು ಕಟ್ಟು ಊದುಬತ್ತಿ ಹಚ್ಚಿ ತಲೆಯ ಕಡೆ ಸಿಕ್ಕಿಸಿದರು. ಆಮೇಲೆ ಮಾಡುವುದೇನೂ ಇರಲಿಲ್ಲ. ಕೋಣೆಯ ಚಿಂತೆಯಲ್ಲಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಮೇಜಿನ ಪಕ್ಕ ಕೂತರು.

ಆಗ ರುದ್ರಯ್ಯನವರು ಬಂದರು. ಕಾಯಲಾರದೆ ಬಂದಿದ್ದರು. ತಾಯಿ ಕ್ಯಾತಮ್ಮನನ್ನೂ ಕರೆತಂದಿದ್ದರು. ಎಂಬತ್ತರ ಮುದುಕಿ, ಕೋಲೂರಿಕೊಂಡು, ಮಗನ ಚಿತ್ರ ನೋಡಲು ಬಂದಿದ್ದಳು. ಹಿಂದೆ ಕದಿರಯ್ಯನವರು.

ಬಾಗಿಲಲ್ಲಿ ಮೂವರೂ ನಿಂತುಬಿಟ್ಟರು. ಬಿಳಿ ಪಂಚೆ ಹೊದ್ದು, ಮುಖದ ತುಂಬ ಉಪ್ಪು ಹಾಕಿಸಿಕೊಂಡು, ತಲೆದೆಸೆಯಲ್ಲಿ ಊದುಬತ್ತಿ ಇಟ್ಟುಕೊಂಡು ರುದ್ರಯ್ಯನವರು ಮಲಗಿದ್ದರು. ಪಕ್ಕದಲ್ಲಿ ಡ್ರಾಯಿಂಗ್ ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು.

ಕದಿರಯ್ಯನವರು ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟರು.

“ಲೇ ಮೂಡ್ಲಗಿರಿ!” ರುದ್ರಯ್ಯನವರ ಧ್ವನಿಗೆ ಕಿಟಕಿಯ ಗಾಜು ಅಲ್ಲಾಡಿತು. “ನಾನಿನ್ನೂ ಬದುಕಿವ್ನಿ ಕಣ್ಲಾ! ಹೂಳ್ತಾ ಇದೀಯೇನ್ಲಾ ನನ್ನ? ಆ ಕ್ವಾಣೆಗೋಸ್ಕರ ನನ್ನೇ ಹೂಳ್ತೀಯೇನ್ಲಾ?”

“ಛೇರ್ಮನ್ರೇ, ಇದು ಟೆಕ್ನಿಕ್ಕು…” ಎಂದು ಮೇಷ್ಟ್ರು ಎದ್ದರು.

“ಟೆಕ್ನಿಕ್ಕಿನ ಮನೆ ಹಾಳಾಗ! ಉಪ್ಪ ಹಾಕಿ ಮಲಗ್ಸೋ ಟೆಕ್ನಿಕ್ಕು ನನಗೂ ಗೊತ್ತು. ನಮ್ಮಪ್ಪಂಗೆ ನಾನೇ ಹಾಕಿವ್ನಿ.” ಅವರು ಹಾಳೆಯ ಅಂಚಿಗೆ ಕೈ ಹಾಕಿದರು.

“ಮುಟ್ಟೀಯ ರುದ್ರಾ!” ಕ್ಯಾತಮ್ಮ ಕೋಲನ್ನು ಮಗನ ಮೊಣಕೈಗೆ ಅಡ್ಡ ಹಿಡಿದಳು. “ಉಪ್ಪ ಬಿದ್ದಾಗೈತೆ. ಈಗ ಹರಿದ್ರೆ ಏನಂಗಾಯ್ತು? ಅರ್ಧ ಆಗಿರೋ ಕಾರ್ಯಾನ ನೀನೇ ಮುಗಿಸ್ತೀಯಾ?”

ರುದ್ರಯ್ಯನವರ ಕೈ ಅಲ್ಲೇ ನಿಂತಿತು.

“ಹಂಗಾರೆ ಸುಟ್ಟಾಕ್ತೀನಿ.”

“ನಮ್ಮ ಮನೇಲಿ ಯಾರನ್ನ ಸುಟ್ಟವ್ರೆ?”

“ಕೆರೇಗ್ ಹಾಕ್ತೀನಿ.”

“ಹೆಣ ಕೆರೇಗ್ ಹಾಕಾದಾ? ಬುದ್ಧಿ ಇಲ್ದೋನೆ.” ಮುದುಕಿ ಮೇಷ್ಟ್ರ ಕಡೆ ತಿರುಗಿದಳು. “ಮಗಾ, ಈ ಉಪ್ಪ ಯಾವಾಗ ತಗೀತೀಯ?”

“ಒಣಗಿದ ಮ್ಯಾಲೆ ಅಜ್ಜಿ. ಈಗ ತಗದ್ರೆ ಕೆಟ್ಟೋಯ್ತದೆ.”

“ಹಂಗಾರೆ ಒಣಗ್ಲಿ” ಎಂದು ಆಕೆ ಕೆಳಗೆ ಕೂತಳು.

ಆಕೆ ಕೂತ ಮೇಲೆ ಉಳಿದವರೂ ಕೂರಬೇಕಾಯಿತು. ಒಂದೂವರೆ ಗಂಟೆ ನಾಲ್ವರೂ ಒಂದು ಚಿತ್ರ ಒಣಗುವುದನ್ನು ಕಾದರು. ಕಲೆಯ ಮುಂದೆ ಕಲ್ಲುಹಟ್ಟಿಯ ಜನ ಅಷ್ಟು ಹೊತ್ತು ಕೂತದ್ದು ಅದೇ ಮೊದಲು. ಮೇಷ್ಟ್ರು ಮನಸ್ಸಿನಲ್ಲಿ ಉತ್ತರದ ಕೋಣೆಗೆ ಎಳ್ಳುನೀರು ಬಿಟ್ಟಾಗಿತ್ತು. ಕದಿರಯ್ಯನವರು ಬೆರಳು ಮಡಚಿ ಏನೋ ಎಣಿಸುತ್ತಿದ್ದರು, ಬಹುಶಃ ಆ ಕೋಣೆಯಲ್ಲಿ ಎಷ್ಟು ಕುರ್ಚಿ ಹಿಡಿಯುತ್ತದೆಂದು.

ಒಣಗಿತು. ಮೇಷ್ಟ್ರು ಮೆತ್ತನೆಯ ಬಟ್ಟೆಯಿಂದ ಉಪ್ಪನ್ನು ಸವರಿದರು. ಮೊದಲು ಹಣೆ ಬಂತು, ಆಮೇಲೆ ಕೆನ್ನೆ, ಆಮೇಲೆ ಗದ್ದ. ಒಂದು ಗುಳಿಯೂ ತಪ್ಪಿರಲಿಲ್ಲ. ಗುಳಿಗಳ ನಡುವೆ ಚರ್ಮವಿತ್ತು, ಚರ್ಮದ ಕೆಳಗೆ ರಕ್ತವಿತ್ತು, ಎರಡು ಕಣ್ಣು ಸಿಟ್ಟಾಗಿ ಲ್ಯಾಬಿನ ಜಂತೆಯನ್ನು ನೋಡುತ್ತಿದ್ದವು. ಇನ್ನೇನು ಎದ್ದು ಕೂತು ಬೈಯುತ್ತಾರೆ ಎನ್ನುವಂತಿತ್ತು.

“ಅದ್ಭುತ!” ಎಂದುಬಿಟ್ಟರು ಕದಿರಯ್ಯನವರು. ಆಮೇಲೆ ಛೇರ್ಮನ್ನರ ಮುಖ ನೋಡಿ, “ಅಂದ್ರೆ, ಸರಿಯಿಲ್ಲ ಅಂತ” ಎಂದರು.

ಕ್ಯಾತಮ್ಮ ಎದ್ದು ಬಂದು ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಬೆರಳಿಂದ ಎಡಗೆನ್ನೆಯ ಗುಳಿಗಳನ್ನು ಒಂದೊಂದಾಗಿ ಮುಟ್ಟಿದಳು.

“ಅಮ್ಮ ಬಂದಿದ್ದಾಗ ಬೇವಿನೆಲೆ ಮ್ಯಾಲೆ ಮಲಗ್ಸಿದ್ದೆ. ಇಪ್ಪತ್ತೊಂದು ದಿನ. ಇಲ್ಲೊಂದು, ಇಲ್ಲೊಂದು, ಇದು ನೀನು ಕೆರ್ಕಂಡಿದ್ದು. ಬ್ಯಾಡ ಅಂದ್ರೂ ಕೇಳ್ಲಿಲ್ಲ.” ಆಕೆ ಮಗನ ಕಡೆ ತಿರುಗಲಿಲ್ಲ. “ಆ ಸಿರಾದ ಫೋಟೋದಾಗಿರೋನು ಯಾವನೋ ಕಾಣೆ. ಇವ್ನು ನನ್ ಮಗ.”

ರುದ್ರಯ್ಯನವರು ಸಣ್ಣ ಧ್ವನಿಯಲ್ಲಿ, “ಅದೆಲ್ಲ ಸರಿ ಅವ್ವಾ. ಆದ್ರೆ ಇದನ್ನ ಸಭಾಂಗಣದಾಗೆ ಹಾಕ್ಸಾಕಾಯ್ತದಾ? ಮನೇಗ್ ತಗಂಡೋದ್ರೆ ಕಮಲಾಕ್ಷಿ ಒಳೀಕ್ ಬುಡ್ತಾಳಾ? ಹರಿಯಂಗಿಲ್ಲ, ಸುಡಂಗಿಲ್ಲ. ಎಲ್ಲಿ ಮಡಗಾದು ಈ ಕರ್ಮಾನ?” ಎಂದು ಕೇಳಿದರು.

“ಪರೀಕ್ಷೆ ಪೇಪರ್ ಇಡೋ ಬೀರೂಲಿ ಇಡೋಣ” ಎಂದರು ಕದಿರಯ್ಯನವರು.

ಮೂಡಲಗಿರಿಯಪ್ಪನವರು ಜೀವಮಾನದಲ್ಲಿ ಸಮಯಕ್ಕೆ ಸರಿಯಾಗಿ ಮಾತಾಡಿದವರಲ್ಲ. ಅವತ್ತು ಮಾತ್ರ ಹೊಳಪು ಹೋಗಿ ತೇವ ಉಳಿದ ಗಳಿಗೆ ಅವರಿಗೆ ಕಂಡಿತು.

“ಬೀರೂಲಿ ಗಾಳಿ ಆಡಲ್ಲ ಸಾರ್. ಬೂಷ್ಟು ಹಿಡೀತದೆ.”

“ನನ್ ಮಗಂಗೆ ಬೂಷ್ಟಾ?” ಎಂದಳು ಕ್ಯಾತಮ್ಮ.

“ಹಿಡೀತದೆ ಅಜ್ಜಿ. ಉಪ್ಪು ಬಿದ್ದಿರೋ ಚಿತ್ರ ಬಲು ನಾಜೂಕು. ಇದಕ್ಕೊಂದು ಕೋಣೆ ಬೇಕು. ಬೀಗ ಇರೋ ಬಾಗ್ಲು ಬೇಕು, ಕಂಡೋರೆಲ್ಲ ನೋಡಬಾರದಲ್ಲ.”

“ಬೀಗ ಸರಿ” ಎಂದರು ಛೇರ್ಮನ್ನರು.

“ಮಳೆ ಸೋರಬಾರದು. ಬಿಸಿಲು ನೇರ ಬೀಳಬಾರದು. ಅದಕ್ಕೇ ಕಿಟಕಿ ಉತ್ತರಕ್ಕಿರಬೇಕು.”

“ಯಾರ ಮ್ಯಾಲೆ ಬೀಳಬಾರದು?”

“ನಿಮ್ಮ ಮ್ಯಾಲೆ.”

ಛೇರ್ಮನ್ನರು ತಮ್ಮ ಕೆನ್ನೆ ಮುಟ್ಟಿ ನೋಡಿಕೊಂಡರು.

“ಮತ್ತೆ ದಿನಾ ಒಬ್ಬರು ಕೂತು ನೋಡ್ಕಬೇಕು. ಉಪ್ಪಿನ ಮರ್ಮ ಗೊತ್ತಿರೋರು” ಎಂದರು ಮೇಷ್ಟ್ರು. ಅಂಥವರು ಯಾರೆಂದು ಅವರು ಹೇಳಲಿಲ್ಲ. ಅಷ್ಟು ವಿನಯ ಅವರಿಗಿತ್ತು.

ಕದಿರಯ್ಯನವರು ಏನೋ ಹೇಳಲು ಬಾಯಿ ತೆರೆದರು. ಕ್ಯಾತಮ್ಮನ ಕೋಲು ಸ್ವಲ್ಪ ಎದ್ದಿತು. ಬಾಯಿ ಮುಚ್ಚಿಕೊಂಡರು.

ಓಪನಿಂಗಿನ ದಿನ ಸಭಾಂಗಣದಲ್ಲಿ ಶಿರಾ ಸ್ಟುಡಿಯೋದ ಫೋಟೋಗೇ ಹಾರ ಬಿತ್ತು. ಹಿಂದಿನ ಸಾಲಿನಲ್ಲಿದ್ದ ಒಬ್ಬ ರೈತ, “ಯಾರಣ್ಣ ಅವ್ರು, ದಿಲ್ಲಿಯವ್ರಾ?” ಎಂದು ಪಕ್ಕದವನನ್ನು ಕೇಳಿದ. ಅದೇ ಹೊತ್ತಿಗೆ ಉತ್ತರದ ಕೋಣೆಯಲ್ಲಿ, ಗೋಡೆಗೆ ಮುಖ ಮಾಡಿ ಒರಗಿಸಿದ ಚಿತ್ರದ ಎದುರು ಮೂಡಲಗಿರಿಯಪ್ಪನವರು ಕಿಟಕಿಯನ್ನು ತೆಗೆಯುವುದು, ಹಾಕುವುದು, ತೆಗೆಯುವುದು ಮಾಡುತ್ತಿದ್ದರು.

ಬಾಗಿಲ ಮೇಲೆ ‘ಚಿತ್ರಕಲಾ ವಿಭಾಗ, ಮುಖ್ಯಸ್ಥರು: ಮೂ. ಗಿರಿ’ ಎಂದು ತಾವೇ ಬರೆದುಕೊಂಡರು. ವಿಭಾಗದಲ್ಲಿ ಅವರ ಹೊರತು ಇನ್ನೊಬ್ಬರಿರಲಿಲ್ಲವಾದ್ದರಿಂದ ಮುಖ್ಯಸ್ಥರ ಆಯ್ಕೆಯಲ್ಲಿ ಗೊಂದಲವಾಗಲಿಲ್ಲ.

ಆ ವರ್ಷ ಹಿಂಗಾರು ಜೋರಾಗಿ ಬಂತು. ಎಷ್ಟೇ ಸವರಿದರೂ ಹಾಳೆಯ ಒಳಗೆ ಸ್ವಲ್ಪ ಉಪ್ಪು ಉಳಿದಿತ್ತು. ಥಂಡಿಗೆ ಅದು ನೀರು ಹಿಡಿಯಿತು. ಮೇಷ್ಟ್ರು ಒಂದು ಬೆಳಿಗ್ಗೆ ಚಿತ್ರ ತಿರುಗಿಸಿ ನೋಡಿದರೆ ಹಣೆಯ ತುಂಬ ಸಣ್ಣ ಸಣ್ಣ ಹನಿ. ಛೇರ್ಮನ್ನರ ಮನೆಗೆ ಓಡಿದರು.

“ಛೇರ್ಮನ್ರೇ, ಸ್ವಲ್ಪ ಬೆವರಿದೀರಿ.”

ಉಪ್ಪಿಟ್ಟು ತಿನ್ನುತ್ತಿದ್ದ ರುದ್ರಯ್ಯನವರು ಹಣೆ ಮುಟ್ಟಿಕೊಂಡು ತಟ್ಟೆ ದೂರ ತಳ್ಳಿದರು. “ಜಾಸ್ತಿ ಐತಾ?”

“ಗೋಡೆ ಥಂಡಿ ಬಿಡ್ತಾ ಐತೆ. ಒಳಗೆ ಗಾರೆ ಮಾಡಿಸಿದ್ರೆ ಇಳೀತದೆ.”

ಗಾರೆಯಾಯಿತು. ೮೧ರಲ್ಲಿ ಹುಳು ಬಂದು ಕಿವಿಯ ಅಂಚನ್ನು ತಿಂದಿತು. ಅದೇ ವಾರ ಛೇರ್ಮನ್ನರಿಗೆ ಕಿವಿ ನೋಯತೊಡಗಿತು. ಯಾವುದು ಮೊದಲು ಎಂದು ಯಾರೂ ವಿಚಾರಿಸಲಿಲ್ಲ. ಕೋಣೆಗೆ ಒಂದು ಗಾಜಿನ ಬೀರು ಬಂತು, ನುಸಿಗುಳಿಗೆ ಬಂತು. ೮೩ರ ಬೇಸಿಗೆಯಲ್ಲಿ ಚಿತ್ರಕ್ಕೆ ಧಗೆಯಾಗಿ ಫ್ಯಾನು ಬಂತು. ಕಲ್ಲುಹಟ್ಟಿ ಹೈಸ್ಕೂಲಿನಲ್ಲಿ ಅದೇ ಮೊದಲ ಫ್ಯಾನು. ಕದಿರಯ್ಯನವರು ಕಡತ ನೋಡುವ ನೆವದಿಂದ ಮಧ್ಯಾಹ್ನ ಅಲ್ಲಿಗೆ ಬಂದು ಕೂರುತ್ತಿದ್ದರು.

೮೪ರಲ್ಲಿ ಬೆಂಗಳೂರಿನಿಂದ ಬಂದ ಪರೀಕ್ಷಕರೊಬ್ಬರು ಮಧುಗಿರಿ ಬೆಟ್ಟದ ಚಿತ್ರ ನೋಡಿ, “ಓ, ಸಾಲ್ಟ್! ವಿದೇಶದಲ್ಲಿ ಎಷ್ಟೋ ಕಾಲದಿಂದ ಮಾಡ್ತಾರಲ್ಲ” ಎಂದರು. ಕೇಳಿದ ಪುಟ್ಟಕ್ಕನಿಗೆ ಗಂಡನ ಮೇಲೆ ಮರುಕವಾಯಿತು. ಮೇಷ್ಟ್ರಿಗೆ ಏನೂ ಆಗಲಿಲ್ಲ. “ಹೌದಾ? ಹಾಗಾದ್ರೆ ಅವರೂ ಸರಿಯಾದ ದಾರೀಲೇ ಇದಾರೆ” ಎಂದರು.

೮೬ರಲ್ಲಿ ಮೇಷ್ಟ್ರಿಗೆ ಕೊರಟಗೆರೆಗೆ ವರ್ಗವಾಯಿತು. ಛೇರ್ಮನ್ನರು ಅದೇ ದಿನ ತುಮಕೂರಿಗೆ ಹೋಗಿ ಆಫೀಸಿನಲ್ಲಿ ಕೂತರು. ಈ ಮನುಷ್ಯ ಕಲ್ಲುಹಟ್ಟಿ ಬಿಟ್ಟರೆ ತಮ್ಮ ಆರೋಗ್ಯಕ್ಕೆ ತೊಂದರೆಯೆಂದು ಹೇಳಿದರು. ಡ್ರಾಯಿಂಗ್ ಮೇಷ್ಟ್ರಿಗೂ ಇವರ ಆರೋಗ್ಯಕ್ಕೂ ಏನು ಸಂಬಂಧವೆಂದು ಅಧಿಕಾರಿಗೆ ಅರ್ಥವಾಗಲಿಲ್ಲ. ವಿವರಿಸಲು ಛೇರ್ಮನ್ನರು ಒಪ್ಪಲಿಲ್ಲ. ವರ್ಗ ರದ್ದಾಯಿತು.

ಅದರ ಮುಂದಿನ ಮಾಘದಲ್ಲಿ ಕ್ಯಾತಮ್ಮ ತೀರಿಕೊಂಡಳು. ಗುಂಡಿಯಲ್ಲಿ ರುದ್ರಯ್ಯನವರೇ ಉಪ್ಪು ಹಾಕಿದರು. ತಿಥಿ ಮುಗಿದ ಮಾರನೆಯ ದಿನ ಒಬ್ಬರೇ ಉತ್ತರದ ಕೋಣೆಗೆ ಬಂದರು. ಮೇಷ್ಟ್ರು ಎದ್ದು ನಿಂತರು. ಇನ್ನು ಹರಿಯಬೇಡ ಎನ್ನುವವರು ಯಾರೂ ಉಳಿದಿರಲಿಲ್ಲ. ಹೋಯಿತು, ಚಿತ್ರವೂ ಹೋಯಿತು, ಕೋಣೆಯೂ ಹೋಯಿತು ಎಂದುಕೊಂಡರು. ರುದ್ರಯ್ಯನವರು ಗೋಡೆಗೆ ಮುಖ ಮಾಡಿದ್ದ ಚಿತ್ರವನ್ನು ಎತ್ತಿ, ಈಚೆಗೆ ತಿರುಗಿಸಿ, ಮೊಳೆಗೆ ತಗುಲಿಹಾಕಿ, ಸ್ವಲ್ಪ ಹಿಂದೆ ಸರಿದು ಸೊಟ್ಟಗಿದೆಯೇ ಎಂದು ನೋಡಿ, ಸರಿಮಾಡಿ ಹೋದರು.

ಆಮೇಲೂ ಮಳೆಗಾಲಕ್ಕೊಂದು ಸಲ ಬರುವುದು ತಪ್ಪಲಿಲ್ಲ. ೮೮ರ ಶ್ರಾವಣದಲ್ಲಿ ಬಂದಾಗ ಎಂಟನೇ ಕ್ಲಾಸಿನವರು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿಕೊಂಡು ಬದನೆಕಾಯಿ ಬರೆಯುತ್ತಿದ್ದರು.

“ಹೇಳಿ ಮೇಷ್ಟ್ರೇ, ಈ ಸಲ ನನಗೇನ್ ಕಾಯಿಲೆ?”

“ಏನೂ ಇಲ್ಲ ಛೇರ್ಮನ್ರೇ. ಗಟ್ಟಿಯಾಗಿದೀರಿ.”

ರುದ್ರಯ್ಯನವರಿಗೆ ಸ್ವಲ್ಪ ನಿರಾಶೆಯಾದಂತೆ ಕಂಡಿತು. “ಸರ್ಯಾಗ್ ನೋಡಿ.”

“ನೋಡಿದ್ರೆ… ಬೆಂಚು ಇಲ್ಲ.”

“ನನ್ ಮಕಕ್ಕೂ ಬೆಂಚಿಗೂ ಏನ್ರೀ ಸಂಬಂಧ?”

“ಮಕ್ಕಳು ನೆಲದ ಮ್ಯಾಲೆ ಕೂತು ಕತ್ತೆತ್ತಿ ನೋಡ್ತಾರೆ. ಅಲ್ಲಿಂದ ನೋಡಿದ್ರೆ ನಿಮ್ಮ ಮೂಗಿನ ಹೊಳ್ಳೆ ಒಂದೇ ಕಾಣ್ತದೆ.”

ಛೇರ್ಮನ್ನರು ಚಿತ್ರವನ್ನು ನೋಡಿದರು, ಮೇಷ್ಟ್ರನ್ನು ನೋಡಿದರು. ಆಮೇಲೆ ಪಂಚೆ ಎತ್ತಿಕಟ್ಟಿ, ಗೋಡೆ ಹಿಡಿದುಕೊಂಡು, ಮಂಡಿ ಲಟಲಟ ಅನ್ನಿಸುತ್ತ ಮಕ್ಕಳ ನಡುವೆ ನೆಲದ ಮೇಲೆ ಕೂತರು. ಕತ್ತೆತ್ತಿದರು. ಹಾಗೇ ಬಹಳ ಹೊತ್ತು ನೋಡಿದರು.

“ಎಷ್ಟು ಬೆಂಚು?” ಎಂದರು.